ಪ್ಲಾಟ್‌ಫಾರ್ಮಿನ ಕೆಳಗಿನ ಬ್ಯಾಂಡು

ಸುರಂಗ ಕಂಡರೆ ‘ಹೋ’ ಎಂದು ಕೂಗುವುದು ನನ್ನದೊಂದು ಅಭ್ಯಾಸ. ಅಭ್ಯಾಸ ಎನ್ನುವವಳು ನಾನು; ನನ್ನ ಮೊಮ್ಮಗಳು ರಿಯಾ ಅದನ್ನು ಕಾಯಿಲೆ ಎನ್ನುತ್ತಾಳೆ. ರಸ್ತೆಯ ಅಡಿಯ ಕಾಲುದಾರಿಯಾಗಲಿ, ಆಸ್ಪತ್ರೆಯ ನೆಲಮಾಳಿಗೆಯಾಗಲಿ, ಮಂಗಳೂರಿನ ಫಳ್ನೀರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವ ಜಾಗವೇ ಆಗಲಿ, ತಲೆಯ ಮೇಲೊಂದು ಛಾವಣಿ, ಎರಡು ಕಡೆ ಗೋಡೆ, ನಡುವೆ ಒಂದಿಷ್ಟು ಕತ್ತಲೆ ಇದ್ದರೆ ಸಾಕು, ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ತುಂಬ ಜೋರಾಗಿ ಏನಲ್ಲ, ಪಕ್ಕದ ಮನೆಯವರನ್ನು ಬೇಲಿಯಾಚೆಯಿಂದ ಕರೆಯುವಷ್ಟು. ಕೂಗಿ, ಕಿವಿಗೊಟ್ಟು, ಅದು ಹೇಗೆ ತಿರುಗಿ ಬರುತ್ತದೆಂದು ಕೇಳುತ್ತೇನೆ. ಆಮೇಲೆ ‘ಪರವಾಗಿಲ್ಲ’ ಎಂದೋ ‘ಪ್ರಯೋಜನವಿಲ್ಲ’ ಎಂದೋ ತೀರ್ಪು ಕೊಟ್ಟು ಮುಂದೆ ನಡೆಯುತ್ತೇನೆ. ನಿವೃತ್ತಳಾಗುವವರೆಗೂ ಹೈಸ್ಕೂಲಿನ ಹುಡುಗಿಯರಿಗೆ ಕನ್ನಡ ಪಾಠ ಹೇಳಿ, ಗಲಾಟೆ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ಇವಳೇ ಎಂದರೆ ಈಗ ಯಾರೂ ನಂಬಲಿಕ್ಕಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಮದುವೆಗೆಂದು ಬೆಂಗಳೂರಿಗೆ ಹೋಗಿದ್ದಾಗ ರಿಯಾ ನನ್ನನ್ನು ಮೆಟ್ರೋ ಹತ್ತಿಸಿದಳು. ನೆಲದಡಿಯ ಸ್ಟೇಷನ್ನು. ಮೆಟ್ಟಿಲುಗಳು ತಾವೇ ಇಳಿಯುತ್ತಿದ್ದವು, ನಾನು ಮಹಾರಾಣಿಯ ಹಾಗೆ ಸುಮ್ಮನೆ ನಿಂತಿದ್ದೆ. ಕೆಳಗೆ ತಲುಪಿ ನೋಡಿದರೆ ಎದುರಿಗೆ ಉದ್ದಾನುದ್ದ ಗುಹೆ. ತಡೆದುಕೊಳ್ಳುವುದು ಹೇಗೆ? ‘ಹೋ’ ಎಂದೇ ಬಿಟ್ಟೆ. ಕಾವಲಿನವನು ಸೀಟಿ ಊದಿದ. ಫೋನಿನಲ್ಲಿ ಮುಳುಗಿದ್ದವರೆಲ್ಲ ಒಮ್ಮೆಗೇ ತಲೆಯೆತ್ತಿದರು. ರಿಯಾ ಈ ಮುದುಕಿ ಯಾರೋ ಎಂಬಂತೆ ಕಂಬದ ಹಿಂದೆ ಹೋಗಿ ನಿಂತಳು. ನನಗೆ ಬೇಸರವಾದದ್ದು ಅದಕ್ಕಲ್ಲ. ಅಷ್ಟು ದೊಡ್ಡ ಸುರಂಗ, ಅಷ್ಟು ಖರ್ಚು ಮಾಡಿ ಕೊರೆದದ್ದು, ನನ್ನ ‘ಹೋ’ವನ್ನು ಗುಳುಂ ಮಾಡಿ ತೆಪ್ಪಗೆ ಕೂತಿತ್ತು. ಸದ್ದು ಹೀರುವ ಹಲಗೆಗಳನ್ನು ಗೋಡೆಗೆ ಹೊಡೆದಿದ್ದಾರಂತೆ. ಪ್ರಯೋಜನವಿಲ್ಲ ಎಂದು ತೀರ್ಪು ಕೊಟ್ಟೆ.

ಆ ಸಂಜೆ ರಿಯಾ ಫೋನಿನಲ್ಲಿ ನನಗೆ ಏನೇನೋ ತೋರಿಸಿದಳು. ದೂರದ ದೇಶಗಳ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಬಳಕೆ ತಪ್ಪಿದ ದಾರಿಗಳು, ಬೀಗ ಹಾಕಿದ ಬಾಗಿಲ ಹಿಂದೆ ಯಾರೂ ಕಾಣದ ಪ್ಲಾಟ್‌ಫಾರ್ಮುಗಳು, ಗೋಡೆಯ ಮೇಲೆ ಇನ್ನೂ ಉಳಿದಿರುವ ಹಳೆಯ ಜಾಹೀರಾತುಗಳು.

“ನೋಡು ಗ್ರ್ಯಾನಿ, ಲಂಡನ್‌ನಲ್ಲಿ ಇಂಥದ್ದು ಎಷ್ಟೋ ಉಂಟಂತೆ. ಟಿಕೆಟ್ ತೆಗೊಂಡು ಜನ ನೋಡ್ಲಿಕ್ಕೆ ಹೋಗ್ತಾರೆ. ನಮ್ಮ ಮಂಗಳೂರಲ್ಲಿ ಎಂತ ಉಂಟು? ಮೆಟ್ರೋನೇ ಇಲ್ಲ.”

“ಮೆಟ್ರೋ ಇಲ್ಲದಿದ್ರೆ ಎಂತಾಯ್ತು? ನೆಲದಡಿಯ ದಾರಿ ಉಂಟು.”

“ಎಲ್ಲಿ?”

“ನಮ್ಮ ಸ್ಟೇಷನ್ನಲ್ಲೇ. ಪ್ಲಾಟ್‌ಫಾರ್ಮಿನ ಅಡಿಯಲ್ಲಿ.”

“ಬಿಡು ಗ್ರ್ಯಾನಿ. ದಿನಾ ಅತ್ತಾವರಕ್ಕೆ ಕಾಲೇಜಿಗೆ ಹೋಗುವವಳು ನಾನು. ಸ್ಟೇಷನ್ ಅಲ್ಲೇ ಉಂಟಲ್ಲ, ನಾನು ನೋಡ್ಲಿಲ್ವಾ? ನೀನು ಸುಮ್ಮನೆ ಕಥೆ ಕಟ್ಟುದು.”

ಕಥೆ ಕಟ್ಟುವುದಂತೆ! ರಿಯಾ ಹಾಗೆಂದದ್ದರಲ್ಲಿ ತಪ್ಪಿಲ್ಲವೆಂದು ನನಗೂ ಗೊತ್ತು. ಸುರಂಗದ ವಿಷಯದಲ್ಲಿ ಮಂಗಳೂರಿನವರ ಬಾಯಿಗೆ ಲಗಾಮಿಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮ ತರಗತಿಯ ಪ್ರತಿಯೊಬ್ಬಳಿಗೂ ಒಂದೊಂದು ಸ್ವಂತ ಸುರಂಗವಿತ್ತು. ಕದ್ರಿ ಗುಡ್ಡದಿಂದ ಹೊರಟ ಒಂದು ನೇರ ಸಮುದ್ರಕ್ಕೆ ಹೋಗುತ್ತಿತ್ತು. ಇನ್ನೊಂದು ನಮ್ಮ ಶಾಲೆಯ ಬಾವಿಯಿಂದ ಹೊರಟು ನದಿಯ ಅಡಿಯಿಂದ ಹಾದು ಆಚೆ ದಡದಲ್ಲಿ ಏಳುತ್ತಿತ್ತು. ಅದರೊಳಗೆ ಬಿಟ್ಟ ಕೋಳಿಯೊಂದು ವಾರದ ನಂತರ ಉಳ್ಳಾಲದಲ್ಲಿ ಸಿಕ್ಕಿತೆಂದು ನನ್ನ ಗೆಳತಿ ಬೈಬಲ್ ಮುಟ್ಟಿ ಹೇಳಿದ್ದಳು. ಕೋಳಿಯನ್ನು ಗುರುತಿಸಿದವರು ಯಾರೆಂದು ಕೇಳುವ ಬುದ್ಧಿ ನನಗಾಗ ಇರಲಿಲ್ಲ. ಈ ಸುರಂಗಗಳಿಗೆಲ್ಲ ಇದ್ದದ್ದು ಒಂದೇ ಕೊನೆ; ಇನ್ನೊಂದು ಕೊನೆಯನ್ನು ಕಂಡವರು ಯಾರೂ ಇಲ್ಲ.

ಆದರೆ ನನ್ನ ಸುರಂಗಕ್ಕೆ ಎರಡು ಕೊನೆಗಳೂ ಇದ್ದವು. ಎರಡನ್ನೂ ನಾನು ಕಂಡಿದ್ದೇನೆ, ಅದರ ನೀರಿನಲ್ಲಿ ಕಾಲು ಒದ್ದೆ ಮಾಡಿಕೊಂಡಿದ್ದೇನೆ. ಅಲ್ಲಿ ನನ್ನ ಪಪ್ಪ ಟ್ರಂಪೆಟ್ ಊದಿದ್ದಾರೆ.

ಪಪ್ಪನ ಹೆಸರು ಲಾರೆನ್ಸ್. ಹಗಲಿಗೆ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಸಂಜೆಗೆ ಬ್ಯಾಂಡಿನ ಮುಖ್ಯಸ್ಥ. ಬ್ಯಾಂಡು ಎಂದರೆ ಈಗಿನ ಹಾಗೆ ಗಿಟಾರು, ಬಣ್ಣದ ದೀಪಗಳಲ್ಲ. ನಮ್ಮ ಕಡೆ ಕ್ರೈಸ್ತರ ಮದುವೆಗೆ, ಹಬ್ಬದ ಮೆರವಣಿಗೆಗೆ, ಕೊನೆಗೆ ಹೆಣದ ಮುಂದೆಯೂ ನಡೆಯುತ್ತಿದ್ದ ಹಿತ್ತಾಳೆಯ ಬ್ಯಾಂಡು. ಅದರಲ್ಲಿದ್ದವರು ಕಾರ್ಖಾನೆಯಲ್ಲಿ ಹೆಂಚು ಒತ್ತುವವರು, ಒಬ್ಬ ಬೇಕರಿಯವನು, ಒಬ್ಬ ದರ್ಜಿ. ದರ್ಜಿ ಇದ್ದುದರಿಂದ ಎಲ್ಲರಿಗೂ ಬಿಳಿ ಕೋಟು ಇತ್ತು. ಬಟ್ಟೆ ಸಾಲದೆ ಹೋದದ್ದರಿಂದ ದೊಡ್ಡ ಡ್ರಮ್ಮಿನ ಸಿರಿಲ್ ಮಾಮನ ಕೋಟಿಗೆ ಮಾತ್ರ ಬೆನ್ನಿನ ಭಾಗ ಬೇರೆ ಬಣ್ಣದ್ದು. ಆತ ಕೊನೆಯ ಸಾಲಿನಲ್ಲಿ ನಡೆಯುತ್ತಿದ್ದರಿಂದ ಹಿಂದೆ ಬರುವವರೆಲ್ಲರಿಗೂ ಕಾಣುತ್ತಿದ್ದದ್ದು ಅದೊಂದೇ ಬೆನ್ನು.

ಬ್ಯಾಂಡಿನ ನಿಜವಾದ ತೊಂದರೆ ಕೋಟಲ್ಲ, ಸಿರಿಲ್ ಮಾಮನ ಕೈ. ಆತನಿಗೆ ಎಲ್ಲದರಲ್ಲೂ ಅವಸರ. ಊಟಕ್ಕೆ ಅವಸರ, ಮಾತಿಗೆ ಅವಸರ, ಡ್ರಮ್ಮಿಗಂತೂ ವಿಪರೀತ ಅವಸರ. ಆತ ಓಡಿದರೆ ಹಿತ್ತಾಳೆಯವರು ಹಿಂದೆ ಓಡಬೇಕು, ಕ್ಲಾರಿನೆಟ್ಟಿನವರು ಏದುಸಿರು ಬಿಡಬೇಕು. ಒಂದು ವರ್ಷ ತೆನೆ ಹಬ್ಬದ ಮೆರವಣಿಗೆಯಲ್ಲಿ ಇದು ಮಿತಿ ಮೀರಿತು. ತೆನೆ ಹಬ್ಬ ಎಂದರೆ ನಮಗೆ ವರ್ಷದ ದೊಡ್ಡ ದಿನ. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲ ಮರಿಯಮ್ಮನಿಗೆ ಚೆಲ್ಲುತ್ತಾರೆ, ಕೊನೆಯ ದಿನ ಮೂರ್ತಿಯನ್ನು ಹೊತ್ತು ಹೊಸ ತೆನೆಯ ಜೊತೆ ಚರ್ಚಿಗೆ ಮೆರವಣಿಗೆ. ಆ ಮೆರವಣಿಗೆಯ ಮುಂದೆ ನಮ್ಮ ಬ್ಯಾಂಡು. ಮೂರ್ತಿ ಹೊತ್ತವರು ಯಾವ ತಾಳಕ್ಕೆ ಹೆಜ್ಜೆ ಹಾಕುವುದೆಂದು ತಿಳಿಯದೆ ಕಾಲು ಕಾಲಿಗೆ ತೊಡರಿಸಿಕೊಂಡರು. ಮರುವರ್ಷ ಮಳೆಗಾಲ ಶುರುವಾಗುತ್ತಿದ್ದಂತೆ ಫಾದರ್ ಪಪ್ಪನನ್ನು ಕರೆಸಿ, ಮೆತ್ತಗೆ, ಹೇಳುವುದನ್ನು ಹೇಳಿದರು.

“ಲಾರೆನ್ಸ್, ಈ ಸಲವೂ ಹಾಗಾದ್ರೆ ಬೇರೆ ಕಡೆಯಿಂದ ಬ್ಯಾಂಡು ತರಿಸ್ಬೇಕಾಗ್ತದೆ. ಆಮೇಲೆ ಬೇಜಾರು ಮಾಡ್ಬಾರ್ದು.”

ಆ ಮಧ್ಯಾಹ್ನ ಪಪ್ಪ ಮೀನಿನ ಸಾರಿಗೆ ಕೈ ಹಾಕಲಿಲ್ಲ. ಮಂಗಳೂರಿನವನೊಬ್ಬ ಮೀನನ್ನು ಬದಿಗೆ ಸರಿಸಿ ಬರೀ ಗಂಜಿ ಉಂಡನೆಂದರೆ ಮನೆಯಲ್ಲಿ ಏನೋ ಆಗಿದೆಯೆಂದೇ ಅರ್ಥ. ಮಮ್ಮಿ ತಟ್ಟೆ ಎತ್ತಿದರು. ಪಪ್ಪನ ಅಪ್ಪನ ಕಾಲದಿಂದ ಆ ಮೆರವಣಿಗೆಯ ಮುಂದೆ ನಡೆದದ್ದು ಅದೇ ಬ್ಯಾಂಡು. ಅದು ಪಪ್ಪನ ಕೈಯಲ್ಲಿ ನಿಂತುಹೋಗುವುದೆಂದರೆ ಅವರಿಗೆ ಊರಿನಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ.

ಸರಿ, ಅಭ್ಯಾಸ ಮಾಡಬೇಕು. ಆದರೆ ಎಲ್ಲಿ? ಮೈದಾನಕ್ಕೆ ಹೋದರೆ ಮಳೆ. ಅಭ್ಯಾಸ ನಡೆಯುತ್ತಿದ್ದ ಕಾರ್ಖಾನೆಯ ಶೆಡ್ಡಿನ ತುಂಬ ಆ ವರ್ಷ ಮಾರಾಟವಾಗದ ಹೆಂಚುಗಳು. ಅತ್ತಾವರದ ನಮ್ಮ ಮನೆಯ ಜಗಲಿಯಲ್ಲಿ ಶುರು ಮಾಡಿದರೆ ಹತ್ತಿರದ ಆಸ್ಪತ್ರೆಯಿಂದ ನರ್ಸಮ್ಮ ಓಡಿ ಬಂದು, ಒಳಗೆ ಆಪರೇಷನ್ ಆದವರಿದ್ದಾರೆ, ನಿಲ್ಲಿಸಿ ಮಾರಾಯ್ರೇ ಎಂದು ಕೈಮುಗಿದರು. ಬ್ಯಾಂಡು ಹಿಡಿದುಕೊಂಡು ಊರೆಲ್ಲ ಸುತ್ತಿದರೂ ಅದಕ್ಕೆ ಕೂರಲು ಒಂದು ಜಾಗವಿಲ್ಲ.

ಆಗ ನೆರವಿಗೆ ಬಂದವರು ವಾಸುದೇವ ಭಟ್ರು. ಕದ್ರಿಯವರು. ಅವರದು ಪೂಜೆಯ ಮನೆತನ, ಅಣ್ಣತಮ್ಮಂದಿರು ಸರದಿಯ ಮೇಲೆ ದೇವಸ್ಥಾನದ ಕೆಲಸ ಮಾಡುತ್ತಿದ್ದರು. ಇವರೊಬ್ಬರು ಮಾತ್ರ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸು ಸೇರಿಕೊಂಡವರು. ಕಾರ್ಖಾನೆಯ ಕೆಲಸಕ್ಕೆಂದು ಪಪ್ಪ ಅಲ್ಲಿಗೆ ಹೋಗಿ ಬಂದು ಗೆಳೆತನ ಬೆಳೆದಿತ್ತು. ಭಟ್ರು ನಮ್ಮ ಮನೆಗೆ ಬಂದರೆ ಕುಡಿಯುತ್ತಿದ್ದುದು ಸೀಯಾಳ ಮಾತ್ರ. ಅದಕ್ಕೆಂದೇ ಮಮ್ಮಿ ಹಿತ್ತಲಿನ ಒಂದು ತೆಂಗಿನಮರಕ್ಕೆ ‘ಭಟ್ರ ಮರ’ ಎಂದು ಹೆಸರಿಟ್ಟಿದ್ದರು. ಭಟ್ರಿಗೆ ಬ್ಯಾಂಡಿನ ಹುಚ್ಚು. ಹಬ್ಬದ ಮೆರವಣಿಗೆ ಹೋಗುವಾಗ ರಸ್ತೆಯಾಚೆಯ ಅಂಗಡಿಯ ಮರೆಯಲ್ಲಿ ನಿಂತು ಪಂಚೆಯ ತುದಿ ಹಿಡಿದು ತಾಳ ಹಾಕುವವರು ಅವರು.

ತುಳುವರು ನಮ್ಮ ಕ್ರೈಸ್ತರನ್ನು ‘ಪೊರ್ಬುಗಳು’ ಎಂದು ಕರೆಯುವುದು ವಾಡಿಕೆ. ಭಟ್ರ ಮತ್ತು ಪಪ್ಪನ ಮಾತೆಲ್ಲ ತುಳುವಿನಲ್ಲೇ ನಡೆದದ್ದು. ಓದುಗರಿಗಾಗಿ ನಾನು ಅದನ್ನು ನಮ್ಮೂರಿನ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಮೇಡಂ ಆಗಿದ್ದವಳಿಗೆ ಇಷ್ಟಾದರೂ ಸ್ವಾತಂತ್ರ್ಯ ಬೇಡವೇ?

“ಪೊರ್ಬುಗಳೇ, ಒಂದು ಜಾಗ ಉಂಟು,” ಎಂದರು ಭಟ್ರು. “ಆದ್ರೆ ಅದು ಮೇಲೆ ಅಲ್ಲ, ಕೆಳಗೆ.”

ಪಾರ್ಸೆಲ್ ಆಫೀಸಿನ ಹಿಂಬದಿಯಿಂದ ಹಳಿಗಳ ಅಡಿಯಲ್ಲಿ ಹಾದು ಆಚೆ ಪ್ಲಾಟ್‌ಫಾರ್ಮಿನಲ್ಲಿ ಏಳುವ ಒಂದು ದಾರಿ. ಹಿಂದೆ ಕೈಗಾಡಿಯಲ್ಲಿ ಸಾಮಾನು ಸಾಗಿಸಲು ಕಟ್ಟಿದ್ದಂತೆ. ಆಮೇಲೆ ಬೇರೆ ದಾರಿ ಆಯಿತು, ಇದಕ್ಕೆ ಎರಡೂ ಕಡೆ ಬೀಗ ಬಿತ್ತು. ಭಟ್ರು ಸ್ಟೇಷನ್ ಮಾಸ್ಟರರನ್ನು ಕೇಳಿದರು. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. “ಆ ಬಾಗಿಲಿನ ಬೀಗ ಸರಿ ಉಂಟಾ ಅಂತ ದಿನಾ ಸಂಜೆ ತೆಗೆದು ನೋಡಿ,” ಎಂದರಂತೆ. ಸರ್ಕಾರಿ ಭಾಷೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆಯನ್ನು ನಾನಿನ್ನೂ ಕೇಳಿಲ್ಲ.

ಮೊದಲ ದಿನ ಪಪ್ಪ ನನ್ನನ್ನೂ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋದರು. ಭಟ್ರು ಬೀಗ ತೆಗೆದರು, ಬಾಗಿಲು ಗೊಣಗುತ್ತ ತೆರೆಯಿತು. ಇಳಿಜಾರು. ಕೆಂಪು ಕಲ್ಲಿನ ಗೋಡೆ, ಮೇಲೆ ಕಮಾನು. ಮೂಲೆಯಲ್ಲಿ ಕಾಲು ಮುರಿದ ಬೆಂಚುಗಳು, ತುಕ್ಕು ಹಿಡಿದ ದೊಡ್ಡ ತಕ್ಕಡಿ. ಮೂಗಿಗೆ ಮೊದಲು ಬಂದದ್ದು ವಾಸನೆ. ಒಣಮೀನು, ಗೋಡಂಬಿ, ಕಾಫಿಬೀಜ, ಗೋಣಿ, ಎಲ್ಲದರ ಅಡಿಯಲ್ಲಿ ಎಲ್ಲೋ ಬಾಡಿದ ಮಲ್ಲಿಗೆ. ಮಂಗಳೂರಿನಿಂದ ಹೊರಗೆ ಹೋದದ್ದೆಲ್ಲ ಹೋಗುವ ಮುಂಚೆ ಅಲ್ಲೊಂದು ಗುರುತು ಬಿಟ್ಟು ಹೋಗಿತ್ತು. ಮುಂಬೈಗೆ ನೇರ ರೈಲು ಹಾದಿ ಇನ್ನೂ ಆಗಿರದ ಕಾಲ ಅದು, ಎಲ್ಲಕ್ಕೂ ಮದ್ರಾಸಿನ ರೈಲೇ ಗತಿ.

ಪಪ್ಪ ನನ್ನ ಭುಜ ಹಿಡಿದು ನಡುವೆ ನಿಲ್ಲಿಸಿದರು. “ಹೋ ಅಂತ ಕೂಗು ನೋಡುವಾ.”

ಕೂಗಿದೆ. ನನ್ನ ದನಿ ಆ ಕೊನೆಯವರೆಗೆ ಹೋಗಿ, ಸ್ವಲ್ಪ ಹೊತ್ತು ಯೋಚಿಸಿ, ನಾನು ಕಳಿಸಿದ್ದಕ್ಕಿಂತ ದೊಡ್ಡದಾಗಿ ತಿರುಗಿ ಬಂತು. ಮನೆಯಲ್ಲಿ ನನ್ನ ಮಾತಿಗೆ ಯಾರೂ ಅಷ್ಟು ಗೌರವದಿಂದ ಉತ್ತರ ಕೊಟ್ಟದ್ದಿಲ್ಲ.

“ಇದು ಆದೀತು,” ಎಂದರು ಪಪ್ಪ. “ಇದು ಉತ್ತರ ಕೊಡುವ ಜಾಗ.”

ಅವರ ಮಾತಿನ ಅರ್ಥ ತಿಳಿದದ್ದು ಅಭ್ಯಾಸ ಶುರುವಾದ ಮೇಲೆ. ಆ ಕಮಾನಿನ ಕೆಳಗೆ ತಪ್ಪು ಬಾರಿಸಿದರೆ ಅದು ಎರಡು ಸಲ ಕೇಳುತ್ತಿತ್ತು. ಸಿರಿಲ್ ಮಾಮ ಅವಸರದಲ್ಲಿ ಡ್ರಮ್ಮಿಗೆ ಬಡಿದನೋ, ಆ ಪೆಟ್ಟು ಗೋಡೆಗೆ ಹೋಗಿ ತಿರುಗಿ ಬಂದು ಆತನ ಮುಂದಿನ ಪೆಟ್ಟಿಗೇ ಡಿಕ್ಕಿ ಹೊಡೆಯುತ್ತಿತ್ತು. ಫಾದರ್ ಬೈದರೂ ಕೇಳದವನು, ಪಪ್ಪ ಗೋಗರೆದರೂ ಕೇಳದವನು, ತನ್ನದೇ ಪೆಟ್ಟಿನಿಂದ ಬೈಸಿಕೊಂಡು ದಾರಿಗೆ ಬಂದ. ಗೋಡೆ ಹೇಳುವುದನ್ನು ಹೇಳಿ ಮುಗಿಸುವವರೆಗೆ ಕಾಯಬೇಕು, ಆಮೇಲೆ ಕೈ ಎತ್ತಬೇಕು. ಮಳೆ ಜೋರಾದರೆ ಪಾದ ಮುಳುಗುವಷ್ಟು ನೀರು ಬರುತ್ತಿತ್ತು. ಎಲ್ಲರೂ ಪ್ಯಾಂಟು ಮಡಚಿ, ಒಡೆದ ಪೆಟ್ಟಿಗೆಗಳ ಹಲಗೆಯ ಮೇಲೆ ನಿಂತು ಊದುತ್ತಿದ್ದರು. ತಲೆಯ ಮೇಲೆ ರೈಲು ಬಂದರೆ ಹಿತ್ತಾಳೆಯೆಲ್ಲ ತಾನಾಗಿ ಗುಂಯ್‌ಗುಡುತ್ತಿತ್ತು; ಅದು ಹೋಗುವವರೆಗೆ ಪಪ್ಪ ಕೈ ಎತ್ತಿ ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ಭಟ್ರು ಬಾಗಿಲ ಬಳಿ ‘ಬೀಗ ನೋಡುತ್ತ’ ಕೂತಿರುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಅವರು ಬ್ಯಾಂಡನ್ನು ರಸ್ತೆಯ ಆಚೆಯಿಂದಲ್ಲ, ಹತ್ತಿರದಿಂದ ಕೇಳಿದ್ದು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ನಾವು ಮರೆತದ್ದು ಗಾಳಿಕಿಂಡಿಯನ್ನು.

ಆಚೆ ಪ್ಲಾಟ್‌ಫಾರ್ಮಿನಲ್ಲಿ, ನೀರಿನ ನಲ್ಲಿಯ ಪಕ್ಕ, ನೆಲಕ್ಕೆ ತಾಗಿದಂತೆ ಕಬ್ಬಿಣದ ಸರಳುಗಳ ಒಂದು ಕಿಂಡಿ. ಸುರಂಗಕ್ಕೆ ಗಾಳಿಯಾಡಲೆಂದು ಬಿಟ್ಟದ್ದು. ಟ್ರಂಪೆಟ್ಟು ಕ್ಲಾರಿನೆಟ್ಟುಗಳ ದನಿ ಅಲ್ಲಿಗೆ ತಲುಪುತ್ತಿರಲಿಲ್ಲ, ಮಳೆಯ ಸದ್ದಿನಲ್ಲಿ ಕರಗಿಹೋಗುತ್ತಿತ್ತು. ಮೇಲೆ ಏರುತ್ತಿದ್ದದ್ದು ಸಿರಿಲ್ ಮಾಮನ ಡ್ರಮ್ಮು ಮಾತ್ರ. ಢುಂ... ಢುಂ... ಎಂದು, ಈಗ ಬಹಳ ಸಾವಕಾಶವಾಗಿ, ಭೂಮಿಯ ಹೊಟ್ಟೆಯಿಂದ.

ಆ ಕಿಂಡಿಯ ಪಕ್ಕದಲ್ಲೇ ಕೂತು ಹೂ ಮಾರುತ್ತಿದ್ದವಳು ಸುಶೀಲಕ್ಕ. ಬೇರೆ ಯಾವುದೇ ಊರಿನಲ್ಲಾದರೆ ನೆಲದಡಿಯಿಂದ ಸದ್ದು ಬಂದರೆ ಜನ ಪೊಲೀಸರನ್ನು ಕರೆದಾರು, ಇಲ್ಲವೇ ಪೈಪು ಒಡೆಯಿತೆಂದು ಪ್ಲಂಬರನನ್ನು ಕರೆದಾರು. ನಮ್ಮ ತುಳುನಾಡಿನಲ್ಲಿ ನೆಲ ಸದ್ದು ಮಾಡಿದರೆ ಅದಕ್ಕೆ ಇರುವುದು ಒಂದೇ ಅರ್ಥ. ಅಲ್ಲಿ ದೈವವೊಂದು ಇದೆ, ಸ್ಟೇಷನ್ ಕಟ್ಟುವಾಗ ಅದರ ಜಾಗ ಮುಚ್ಚಿಹೋಗಿದೆ, ಈಗ ಅದು ತನ್ನನ್ನು ನೆನಪಿಸುತ್ತಿದೆ. ಸುಶೀಲಕ್ಕ ಮೊದಲ ದಿನ ಹೆದರಿದಳಂತೆ. ಎರಡನೆಯ ದಿನ ಕಿಂಡಿಯ ಬಾಯಲ್ಲಿ ಕೇಪಳದ ಹೂ ಇಟ್ಟಳು. ಆ ವಾರ ಅವಳ ಮಲ್ಲಿಗೆ ಒಂದೂ ಉಳಿಯದೆ ಮಾರಿಹೋಯಿತು. ಇನ್ನೇನು ಬೇಕು? ಚಹಾದವನು ಸೀಯಾಳ ಇಟ್ಟ, ಪೋರ್ಟರುಗಳು ದೀಪ ಹಚ್ಚಿದರು, ಮದ್ರಾಸಿಗೆ ಹೊರಟವರು ಪೆಟ್ಟಿಗೆ ಕೆಳಗಿಟ್ಟು ಕೈಮುಗಿದು ರೈಲು ಹತ್ತತೊಡಗಿದರು. ಕೆಳಗೆ ನಮ್ಮವರು ಮರಿಯಮ್ಮನ ಮೆರವಣಿಗೆಗೆಂದು ಊದುತ್ತಿದ್ದರೆ ಮೇಲೆ ಅದಕ್ಕೆ ಆರತಿ ಆಗುತ್ತಿತ್ತು. ಈ ಭಾಗ್ಯ ಲಂಡನ್ನಿನ ಯಾವ ಸುರಂಗಕ್ಕೆ ಇದೆಯೋ ರಿಯಾ ಹುಡುಕಿ ಹೇಳಲಿ.

ಕೊನೆಗೆ ಸುಶೀಲಕ್ಕನ ಮುಂದಾಳುತನದಲ್ಲಿ ಎಲ್ಲರೂ ಸೇರಿ ಒಂದು ನಿರ್ಧಾರಕ್ಕೆ ಬಂದರು. ಪ್ರಶ್ನೆ ಇಡಿಸಬೇಕು. ಎಂದರೆ, ಬಲ್ಲವರನ್ನು ಕರೆಸಿ ಕವಡೆ ಹಾಕಿಸಿ, ಇದು ಯಾವ ದೈವ, ಅದಕ್ಕೆ ಏನಾಗಬೇಕು ಎಂದು ಕೇಳಬೇಕು. ಅದಕ್ಕೆ ಯಾರನ್ನು ಕೇಳುವುದು? ಪಾರ್ಸೆಲ್ ಆಫೀಸಿನಲ್ಲೇ ಪೂಜೆಯ ಮನೆತನದವರೊಬ್ಬರು ಇದ್ದಾರಲ್ಲ!

ಆ ಸಂಜೆ ಭಟ್ರು ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತರು. ಮಮ್ಮಿ ಸೀಯಾಳ ಕೆತ್ತಲು ಹೋದರೆ ಬೇಡವೆಂದು ಕೈಯಾಡಿಸಿದರು. ಅಂದಿನವರೆಗೆ ನಾನು ಅವರ ಮುಖದಲ್ಲಿ ನಗು ಇಲ್ಲದ್ದನ್ನು ಕಂಡಿರಲಿಲ್ಲ.

“ಪೊರ್ಬುಗಳೇ, ನಾನು ‘ದೈವ ಉಂಟು’ ಅಂತ ಒಂದು ಮಾತು ಹೇಳಿದ್ರೆ ಸಾಕು. ಆ ಬಾಗಿಲ ಹತ್ರ ಯಾರೂ ಬರುದಿಲ್ಲ. ನಿಮ್ಮ ಅಭ್ಯಾಸ ಹಬ್ಬದವರೆಗೆ ಆರಾಮಲ್ಲಿ ನಡೀತದೆ.”

ಪಪ್ಪ ಟ್ರಂಪೆಟ್ಟನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

“ರೈಲ್ವೆಗೆ ನಾನು ಸುಳ್ಳು ಹೇಳಿಯೇನು. ದಿನಾ ಹೇಳ್ತಾ ಇದ್ದೇನೆ, ಬೀಗ ನೋಡ್ತಿದ್ದೇನೆ ಅಂತ. ಆದ್ರೆ ಆ ಹೂವಿನವಳು ತಲೆಬಗ್ಗಿಸಿ ಕೇಳುವಾಗ, ದೈವದ ಹೆಸರಲ್ಲಿ ನನ್ನಿಂದ ಆಗುದಿಲ್ಲ. ನಿಜ ಹೇಳಿದ್ರೆ ನಿಮ್ಮ ಜಾಗ ಹೋಗ್ತದೆ, ಸುಳ್ಳು ಹೇಳಿದ್ರೆ ನನ್ನದು ಹೋಗ್ತದೆ. ನೀವೇ ಹೇಳಿ ಎಂತ ಮಾಡುದು ಅಂತ.”

ಹಬ್ಬಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಸಿರಿಲ್ ಮಾಮನ ಕೈ ಆಗಷ್ಟೇ ಹದಕ್ಕೆ ಬಂದಿತ್ತು. ಈಗ ನಿಲ್ಲಿಸಿದರೆ ಅದು ಮತ್ತೆ ಓಡುವುದು ಖಂಡಿತ. ಪಪ್ಪ ಬಹಳ ಹೊತ್ತು ಟ್ರಂಪೆಟ್ಟಿನ ಬಾಯಿಯನ್ನು ಅಂಗಿಯ ತುದಿಯಿಂದ ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

“ನೀವು ಎಂತದೂ ಹೇಳುದು ಬೇಡ ಭಟ್ರೇ,” ಎಂದರು ಆಮೇಲೆ. “ಶಬ್ದ ಮಾಡಿದ್ದು ನಾವು. ನಾವೇ ಮೇಲೆ ಬಂದು ತೋರಿಸ್ತೇವೆ.”

ಓದುಗರೇ, ನನಗೆ ಹೆಮ್ಮೆಪಡಲು ಜೀವನದಲ್ಲಿ ಅಷ್ಟೇನೂ ಇಲ್ಲ. ಒಂದು ಉತ್ತಮ ಶಿಕ್ಷಕಿಯ ಶಾಲು, ಕೋರಿ ರೊಟ್ಟಿಗೆ ಹಾಕುವ ನನ್ನ ಮಸಾಲೆ, ಇಷ್ಟೇ. ಆದರೆ ಆ ಜಗಲಿಯಲ್ಲಿ ಆ ಇಬ್ಬರು ಗಂಡಸರು ಹೀಗೆ ಮಾತಾಡಿಕೊಂಡದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಅದರ ಮುಂದೆ ಉಳಿದದ್ದೆಲ್ಲ ನನಗೆ ಸಣ್ಣದಾಗಿ ಕಾಣುತ್ತದೆ.

ಮರುದಿನ ಸಂಜೆ ಎಲ್ಲರೂ ಬಿಳಿ ಕೋಟು ಹಾಕಿಕೊಂಡು ಬಂದರು. ಪ್ಯಾಂಟು ಮಡಚಿಕೊಂಡೇ ಸುರಂಗಕ್ಕೆ ಇಳಿದರು. ಮೇಲೆ ಕಿಂಡಿಯ ಸುತ್ತ ಸುಶೀಲಕ್ಕ, ಚಹಾದವನು, ಪೋರ್ಟರುಗಳು ಭಟ್ರ ಉತ್ತರಕ್ಕಾಗಿ ಕಾದಿದ್ದರು. ನಾನು ಭಟ್ರ ಜೊತೆ ಮೇಲೆಯೇ ನಿಂತಿದ್ದೆ. ಕೆಳಗಿನಿಂದ ಢುಂ ಎಂದಿತು. ಎಲ್ಲರೂ ಕೈಮುಗಿದರು. ಭಟ್ರು ಹೋಗಿ ಪ್ಲಾಟ್‌ಫಾರ್ಮಿನ ಕಡೆಯ ಬೀಗ ತೆಗೆದು, ಎರಡೂ ಬಾಗಿಲುಗಳನ್ನು ಅಗಲವಾಗಿ ತೆರೆದು, ಬದಿಗೆ ನಿಂತರು.

ಮೊದಲು ಬಂದದ್ದು ಪಪ್ಪನ ಟ್ರಂಪೆಟ್ಟಿನ ದನಿ, ಆಮೇಲೆ ಪಪ್ಪ. ಹಿಂದೆ ಕ್ಲಾರಿನೆಟ್ಟು, ಅದರ ಹಿಂದೆ ದೊಡ್ಡ ಹಿತ್ತಾಳೆಗಳು, ಕೊನೆಗೆ ಸಿರಿಲ್ ಮಾಮ. ಮೆರವಣಿಗೆಗೆಂದು ಕಲಿತದ್ದನ್ನೇ ಊದುತ್ತ, ಒಂದೇ ಹೆಜ್ಜೆಯಲ್ಲಿ, ಕೆಸರು ಮೆತ್ತಿದ ಬರಿಗಾಲಿನಲ್ಲಿ ಇಳಿಜಾರು ಹತ್ತಿ ಬಂದರು. ಯಾರೂ ಓಡಲಿಲ್ಲ. ಮಾಡಿಗೆ ಬೀಳುತ್ತಿದ್ದ ಮಳೆ, ರೈಲಿನ ಕಿಟಕಿಗಳಿಂದ ಇಣುಕಿದ ತಲೆಗಳು, ಎಲ್ಲದರ ನಡುವೆ ಆ ಡ್ರಮ್ಮು ಎಷ್ಟು ಗಂಭೀರವಾಗಿ ಬೀಳುತ್ತಿತ್ತೆಂದರೆ ಅದು ಸಿರಿಲ್ ಮಾಮನ ಕೈಯೇ ಎಂದು ನನಗೆ ನಂಬಲಾಗಲಿಲ್ಲ. ಕಿಂಡಿಯ ಮುಂದೆ ಬಂದು ನಿಲ್ಲಿಸಿದರು. ಪಪ್ಪ ಟ್ರಂಪೆಟ್ಟನ್ನು ಕಂಕುಳಿಗೆ ಸೇರಿಸಿ ಟೋಪಿ ತೆಗೆದರು.

“ಸುಶೀಲಕ್ಕ, ಕೆಳಗೆ ಇದ್ದದ್ದು ನಾವು. ಹೆದರಿಸ್ಬೇಕು ಅಂತ ಮಾಡಿದ್ದಲ್ಲ. ತಪ್ಪಾಯ್ತು.”

ಸುಶೀಲಕ್ಕ ಪಪ್ಪನನ್ನು ನೋಡಿದಳು, ಕಿಂಡಿಯನ್ನು ನೋಡಿದಳು, ತನ್ನ ಬುಟ್ಟಿಯನ್ನು ನೋಡಿದಳು. ಅಷ್ಟರಲ್ಲಿ ಸ್ಟೇಷನ್ ಮಾಸ್ಟರರೂ ಓಡಿ ಬಂದಿದ್ದರು. ಚಹಾದವನು ತನ್ನ ಸೀಯಾಳಗಳ ಲೆಕ್ಕ ತೆಗೆಯಲು ಬಾಯಿ ತೆರೆದ. ಸುಶೀಲಕ್ಕ ಅವನ ಮೇಲೆ ಹರಿಹಾಯ್ದಳು.

“ಬಾಯಿ ಮುಚ್ಚು ನೀನು! ನಾನು ಹೂ ಇಟ್ಟದ್ದು ಯಾರಿಗೆ? ಕೆಳಗೆ ಇದ್ದವರಿಗೆ. ಕೆಳಗೆ ಇದ್ದವರು ಯಾರು? ಇವರು. ಮತ್ತೆ ಎಂತ ತಪ್ಪಾದದ್ದು? ಹೂ ಮುಟ್ಟಬೇಕಾದಲ್ಲಿಗೆ ಮುಟ್ಟಿದೆ.” ಆಮೇಲೆ ಪಪ್ಪನ ಕಡೆ ತಿರುಗಿ, “ಪೊರ್ಬುಗಳೇ, ನಿಲ್ಲಿಸಿದ್ದು ಎಂತಕ್ಕೆ? ರೈಲು ಹೊರಡುವವರೆಗೆ ಊದಿ,” ಎಂದಳು.

ಸ್ಟೇಷನ್ ಮಾಸ್ಟರರು ಒಂದು ಗಳಿಗೆ ಸುತ್ತ ನೋಡಿದರು. “ದೂರು ಕೊಡುವವರು ಯಾರಾದ್ರೂ ಇದ್ದಾರಾ?” ಎಂದು ಕೇಳಿದರು. ಸುಶೀಲಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರಿಂದ ಯಾರೂ ಇರಲಿಲ್ಲ. “ಹಾಗಾದ್ರೆ ಭಟ್ರೇ, ಹಬ್ಬದವರೆಗೆ ಬೀಗ ಚೆನ್ನಾಗಿ ನೋಡ್ತಾ ಇರಿ,” ಎಂದು ಹೇಳಿ ಹೊರಟುಹೋದರು.

ಆ ವರ್ಷದ ಮೆರವಣಿಗೆಯಲ್ಲಿ ಬಾಲ ಮರಿಯಮ್ಮ ಹೂವಿನ ಮೇಲೆ ಹೋದಂತೆ ಹೋದಳು. ಹೊತ್ತವರ ಹೆಜ್ಜೆ ಒಮ್ಮೆಯೂ ತಪ್ಪಲಿಲ್ಲ. ಫಾದರ್ ಪಪ್ಪನ ಬೆನ್ನು ತಟ್ಟಿದರು, ಮುಂದೆ ಎಂದೂ ಬೇರೆ ಬ್ಯಾಂಡಿನ ಮಾತೆತ್ತಲಿಲ್ಲ. ಚರ್ಚಿನ ಗೇಟಿನ ಬಳಿ ಸುಶೀಲಕ್ಕ ಬುಟ್ಟಿ ತುಂಬ ಮಲ್ಲಿಗೆ ಹಿಡಿದು ನಿಂತು, ನಮ್ಮ ಮಕ್ಕಳ ಕೈಗೆ ಕೊಟ್ಟು ಚೆಲ್ಲಿಸಿದಳು. ಮತ್ತು ಭಟ್ರು? ಅವರು ಆ ದಿನ ಅಂಗಡಿಯ ಮರೆಯಲ್ಲಿ ನಿಲ್ಲಲಿಲ್ಲ. ರಸ್ತೆಯ ಮಧ್ಯದಲ್ಲಿ, ಬ್ಯಾಂಡಿನ ಪಕ್ಕದಲ್ಲೇ, ಚರ್ಚಿನವರೆಗೆ ನಡೆದರು. ಮನೆಗೆ ಬಂದು ಒಂದರ ಮೇಲೊಂದು ಎರಡು ಸೀಯಾಳ ಕುಡಿದರು.

ಈ ಕಥೆಯನ್ನೆಲ್ಲ ಬೆಂಗಳೂರಿನಿಂದ ಹಿಂತಿರುಗುವ ರೈಲಿನಲ್ಲಿ ರಿಯಾಳಿಗೆ ಹೇಳಿದೆ. ಅವಳು ಕೇಳಿದಳು, ಅಲ್ಲಲ್ಲಿ ನಕ್ಕಳು, ಕೊನೆಯಲ್ಲಿ ನನ್ನ ಕೆನ್ನೆ ಹಿಂಡಿ, “ಸೂಪರ್ ಗ್ರ್ಯಾನಿ. ಆದ್ರೆ ಪ್ರೂಫ್ ಎಂತ ಉಂಟು?” ಎಂದಳು.

ನನ್ನಲ್ಲಿ ಏನಿತ್ತು? ಪಪ್ಪ ಹೋದರು, ಭಟ್ರು ಹೋದರು, ಸಿರಿಲ್ ಮಾಮ ಸಾಯಲು ಕೂಡ ಅವಸರ ಮಾಡಿ ಎಲ್ಲರಿಗಿಂತ ಮೊದಲೇ ಹೋಗಿದ್ದ. ಸುರಂಗದ ಎರಡೂ ಬಾಯಿಗಳಿಗೆ ಎಂದೋ ಗೋಡೆ ಎದ್ದಿದೆ. ನಾನು ಆ ಪ್ಲಾಟ್‌ಫಾರ್ಮಿಗೆ ಕಾಲಿಡದೆ ಎಷ್ಟೋ ಕಾಲವಾಗಿತ್ತು. ಈಗ ಎಲ್ಲೆಲ್ಲೂ ಹೊಸ ಕಲ್ಲು ಹಾಸುತ್ತಿದ್ದಾರೆಂದು ಕೇಳಿದ್ದೆ. ಇಷ್ಟು ಜಂಬ ಕೊಚ್ಚಿಕೊಂಡು, ಅಲ್ಲಿ ಹೋಗಿ ನೋಡಿದಾಗ ಕಿಂಡಿಯೂ ಇಲ್ಲವೆಂದಾದರೆ? ನನ್ನ ಪಪ್ಪ ಮೊಮ್ಮಗಳ ಪಾಲಿಗೆ ಉಳ್ಳಾಲದ ಆ ಕೋಳಿಯಾಗಿ ಹೋಗುತ್ತಾರೆ. ಬೆಳಿಗ್ಗೆ ರೈಲು ನಿಂತಾಗ, ಇಳಿಯುವ ಮೊದಲು ಎರಡು ಸಲ ಚಪ್ಪಲಿ ಸರಿಮಾಡಿಕೊಂಡೆ.

“ಬಾ, ತೋರಿಸ್ತೇನೆ,” ಎಂದು ರಿಯಾಳ ಕೈ ಹಿಡಿದು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆ. ಹೌದು, ಹೊಸ ಕಲ್ಲು. ಹೊಳೆಯುವ ಬೆಂಚುಗಳು. ಹಳೆಯ ನಲ್ಲಿ ಇಲ್ಲ, ಅದರ ಜಾಗದಲ್ಲಿ ತಣ್ಣೀರಿನ ಯಂತ್ರ. ನಾನು ಹೆಜ್ಜೆ ನಿಧಾನ ಮಾಡಿದೆ. ಯಂತ್ರದ ಹಿಂದೆ, ಗೋಡೆಯ ಬುಡದಲ್ಲಿ, ಅದೇ ತುಕ್ಕು ಹಿಡಿದ ಸರಳುಗಳು. ಹೊಸ ಕಲ್ಲು ಹಾಸಿದವರು ಅದೊಂದನ್ನು ಬಿಟ್ಟು ಸುತ್ತ ಹಾಸಿದ್ದರು. ಸರಳುಗಳ ನಡುವೆ ಕೆಂಪು ಕೇಪಳದ ಒಂದು ಗೊಂಚಲು, ಇನ್ನೂ ಬಾಡದ್ದು.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಬಾಳೆಲೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಬಗ್ಗಿ ಕೇಳಿದೆ.

“ಅಲ್ಲಿ ಹೂ ಇಟ್ಟದ್ದು ಯಾರು?”

“ನಾನೇ ಬಾಯಮ್ಮ. ಮೊದಲು ನಮ್ಮ ಅತ್ತೆ ಇಡ್ತಿದ್ರು, ಸುಶೀಲ ಅಂತ. ಅವರು ಹೋದ ಮೇಲೆ ನಾನು ಇಡ್ತೇನೆ. ಕಲ್ಲು ಹಾಕುವವರು ಮುಚ್ಚುವ ಅಂತ ಬಂದಿದ್ರು. ನಾನು ಬಿಡ್ಲಿಲ್ಲ.”

“ಕೆಳಗೆ ಎಂತ ಉಂಟು?”

ಅವಳು ಹೂ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಹೆದರ್ಬೇಡಿ, ಭೂತ ಅಲ್ಲ. ಬ್ಯಾಂಡಿನವರು ಇದ್ದಾರಂತೆ. ಅದರಲ್ಲಿ ಒಬ್ಬರು ಪೊರ್ಬುಗಳು, ಭಾರೀ ಲಾಯ್ಕ ಊದ್ತಾರಂತೆ. ಮಳೆ ಬರುವಾಗ ಅತ್ತೆಗೆ ಕೇಳ್ತಿತ್ತಂತೆ, ಕೊನೆವರೆಗೂ.”

ನಾನು ರಿಯಾಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ನನ್ನ ಮುಖ ಅವಳಿಗೆ ಕಾಣುತ್ತಿತ್ತು. ಅವಳು ಬೆನ್ನಿನ ಚೀಲ ಇಳಿಸಿದ ಸದ್ದು ಮಾತ್ರ ಕೇಳಿತು. ಬಂದ ರೈಲಿನ ಜನರೆಲ್ಲ ಸುತ್ತ ಹಾದುಹೋಗುತ್ತಿದ್ದರು. ಅವರ ಮಧ್ಯದಲ್ಲಿ, ಬೆಂಗಳೂರಿನಲ್ಲಿ ಕಂಬದ ಹಿಂದೆ ಅಡಗಿದ್ದ ನನ್ನ ಮೊಮ್ಮಗಳು ನೆಲದ ಮೇಲೆ ಮೊಣಕಾಲೂರಿ, ಸರಳುಗಳಿಗೆ ಬಾಯಿ ತಂದು, ಸಣ್ಣಗೆ ‘ಹೋ’ ಎಂದಳು. ಕಾದೆವು. ಏನೂ ಬರಲಿಲ್ಲ.

“ಇನ್ನೂ ಸ್ವಲ್ಪ ಜೋರು ಕರಿ ಮಗಾ,” ಎಂದಳು ಹೂವಿನವಳು, ಮತ್ತೆ ಮಲ್ಲಿಗೆಗೆ ಕೈ ಹಾಕುತ್ತ. “ಅವರು ಬಾರಿಸ್ತಾ ಇರ್ಬೇಕು, ಕೇಳ್ಲಿಕ್ಕಿಲ್ಲ.”

ನಾನು ಮೊಣಕಾಲು ಹಿಡಿದುಕೊಂಡು ರಿಯಾಳ ಪಕ್ಕದಲ್ಲಿ ಕೂತೆ. ಇಬ್ಬರೂ ಒಟ್ಟಿಗೆ ಕರೆದೆವು.